ಹಾಡಿನ ಕೆಳಗಿದ್ದ ಮಾತು

ಲಕ್ಕಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ತಿಪ್ಪೇರುದ್ರ ಒಂದು ಮದುವೆಯ ವಿಡಿಯೋಗೆ ಹಾಡು ಕೂರಿಸುತ್ತಿದ್ದ. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವನ ಸ್ಟುಡಿಯೋ. ಹದಿನೆಂಟು ವರ್ಷಗಳಿಂದ ಅವನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮದುವೆ, ಗೃಹಪ್ರವೇಶ, ನಾಮಕರಣಗಳನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಬಂದಿದ್ದ. ಹೋದ ಮಾಘದಲ್ಲಿ, ನಲವತ್ತಾರನೇ ವಯಸ್ಸಿಗೆ, ಎದೆನೋವು ಬಂದು ಅವನು ತೀರಿಕೊಂಡ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಲ್ಲಿರುವುದು ಹೆಚ್ಚುಪಾಲು ಅವನು ಬದುಕಿದ್ದಾಗಿನ ಸಂಗತಿ.

ಲಕ್ಕಮ್ಮ ಶಿರಾ ತಾಲ್ಲೂಕಿನ ಹುಲಿಕುಂಟೆಯವಳು. ಅವಳ ಮಗಳ ಮದುವೆಯ ವಿಡಿಯೋವನ್ನು ತಿಪ್ಪೇರುದ್ರನೇ ವೈಶಾಖದಲ್ಲಿ ತೆಗೆದುಕೊಟ್ಟಿದ್ದ. ಶ್ರಾವಣದಲ್ಲಿ ಅವಳ ಗಂಡ ಸಣ್ಣರಂಗಯ್ಯ ಹೋಗಿಬಿಟ್ಟಿದ್ದ. ಈಗ ಅವಳು ಸೆರಗಿನ ಗಂಟು ಬಿಚ್ಚಿ, ಅದರೊಳಗಿದ್ದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು.

“ನಮ್ಮ ಯಜಮಾನ್ರು ಧಾರೆ ಎರುದ್ಮೇಲೆ ಮಗಳ ತಲೆ ಮ್ಯಾಲೆ ಕೈ ಮಡಗಿ ಏನೋ ಯೋಳ್ತವ್ರೆ ಕಣಪ್ಪ. ಬಾಯಿ ಆಡ್ತದೆ, ಮಾತು ಕೇಳಕಿಲ್ಲ. ಮ್ಯಾಲೆ ಹಾಡು ಕುಂತದೆ. ಆ ಹಾಡೊಂದ ತೆಗುದ್ಬುಡು, ಸಾಕು.”

ಕುಕ್ಕೆ ಎತ್ತಿದರೆ ಕೆಳಗೆ ಕೋಳಿಮರಿ ಇರುವಂತೆ, ಹಾಡು ಎತ್ತಿದರೆ ಕೆಳಗೆ ಗಂಡನ ಮಾತು ಇರುತ್ತದೆ ಎಂದು ಅವಳು ನಂಬಿದ್ದಳು. ತಿಪ್ಪೇರುದ್ರ ಹಾರ್ಡ್ ಡಿಸ್ಕುಗಳನ್ನು ಒಂದೊಂದಾಗಿ ಜೋಡಿಸಿ ಹುಡುಕುವ ನಾಟಕ ಮಾಡಿದ. ನಾಟಕ ಯಾಕೆಂದರೆ ಅಲ್ಲಿ ಏನೂ ಇಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಮದುವೆಯಿಂದ ಬಂದ ಕೂಡಲೇ ವಿಡಿಯೋದ ಸದ್ದನ್ನೆಲ್ಲ ಕಿತ್ತುಹಾಕಿ, ಮುಹೂರ್ತಕ್ಕೊಂದು, ಊಟಕ್ಕೊಂದು, ಬೀಳ್ಕೊಡುವಾಗ ಅಳುವುದಕ್ಕೊಂದು ಎಂದು ಸಿನಿಮಾ ಹಾಡು ಕೂರಿಸಿ, ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗಾಗಿ ಅಳಿಸಿಡುವುದು ಈ ನಾಲ್ಕು ತಾಲ್ಲೂಕಿನ ಎಲ್ಲ ಸ್ಟುಡಿಯೋಗಳ ಪದ್ಧತಿ. ಮದುವೆ ಮನೆಯ ಸದ್ದು ಎಂದರೆ ಗಲಾಟೆ. ಅದು ಯಾರಿಗೆ ಬೇಕು? ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕೊನೆಗೆ ಅವನು ಹೇಳಿದ: “ಹಾಡಿನ ಕೆಳ್ಗೆ ಏನೂ ಇಲ್ಲ ಕಣಮ್ಮ. ನಾನೇ ಅಳಿಸ್ಬುಟ್ಟೆ.”

ಲಕ್ಕಮ್ಮ ಬೈಯಲಿಲ್ಲ. ಮಗಳು ಆಗ ಅಳುತ್ತಿದ್ದಳು, ಅಪ್ಪ ಏನಂದ ಎಂದು ಅವಳಿಗೂ ನೆನಪಿಲ್ಲವಂತೆ ಎಂದಳು. ಪೆನ್ ಡ್ರೈವನ್ನು ಮತ್ತೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಇಳಿದು ಹೋದಳು.

ಬೈದಿದ್ದರೆ ತಿಪ್ಪೇರುದ್ರ ನಾಲ್ಕು ದಿನದಲ್ಲಿ ಮರೆಯುತ್ತಿದ್ದನೇನೋ. ಅಂದು ಸಂಜೆ ಅವನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಅದನ್ನು ಮೊದಲ ಸಲ ನೋಡುವವನಂತೆ ತಿರುಗಿಸಿ ತಿರುಗಿಸಿ ನೋಡಿದ. ಲೆನ್ಸಿನ ಮೇಲ್ಭಾಗದಲ್ಲಿ ಸೂಜಿಯಿಂದ ಚುಚ್ಚಿದಂಥ ನಾಲ್ಕು ತೂತುಗಳಿದ್ದವು. ಅದೇ ಕ್ಯಾಮೆರಾದ ಕಿವಿ. ಇಷ್ಟು ವರ್ಷ ಅದರ ಮೇಲೆ ಬೆರಳಿಟ್ಟುಕೊಂಡೇ ಅವನು ಕ್ಯಾಮೆರಾ ಹಿಡಿದಿದ್ದ. ಹೆಡ್‌ಫೋನ್ ಸಿಕ್ಕಿಸಿ ಕೇಳಿದ. ಫೋಕಸ್ ಹೊಂದಿಸುವಾಗ ಲೆನ್ಸಿನೊಳಗಿನ ಮೋಟಾರು ಭತ್ತದ ಚೀಲದಲ್ಲಿ ಹೊಕ್ಕ ಇಲಿಯಂತೆ ಕರಕರ ಎನ್ನುತ್ತಿತ್ತು. ಅವನ ಉಸಿರು ಬೇರೆ ಯಾರದೋ ಉಸಿರಿನಂತೆ ದೊಡ್ಡದಾಗಿ ಕೇಳುತ್ತಿತ್ತು. ಆದರೆ ಹತ್ತು ಅಡಿ ದೂರದಲ್ಲಿ ಕುಳಿತು ಮಾತಾಡುತ್ತಿದ್ದ ಗೆಳೆಯ ಪ್ರಸನ್ನ ಕುಮಾರ್ ಮಾತ್ರ ಪಕ್ಕದ ಮನೆಯಲ್ಲಿದ್ದವನಂತಿದ್ದ.

“ನೀನು ಇಲ್ಲೇ ಇದೀಯ, ಆದ್ರೆ ಇದ್ರೊಳಗೆ ಇಲ್ಲ ಕಣ್ಲಾ,” ಎಂದ ತಿಪ್ಪೇರುದ್ರ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಪ್ರಸನ್ನ ಕುಮಾರನಿಗೆ ಅಂದಿನಿಂದ ಹೊಸ ಕೆಲಸ ಹತ್ತಿಕೊಂಡಿತು. ದೂರ ನಿಂತು ಮಾತಾಡುವುದು, ಹತ್ತಿರ ಬಂದು ಮಾತಾಡುವುದು, ಗೋಡೆಗೆ ಮುಖ ಮಾಡಿ ಒಂದರಿಂದ ಇಪ್ಪತ್ತರವರೆಗೆ ಎಣಿಸುವುದು. ಬೆಳಿಗ್ಗೆ ತಿಪ್ಪೇರುದ್ರ ಅವನನ್ನು ಬೆಟ್ಟದ ಬುಡಕ್ಕೆ ಕರೆದೊಯ್ದು ಚಪ್ಪಾಳೆ ತಟ್ಟಿಸುತ್ತಿದ್ದ. ಬಂಡೆಗೆ ಬಡಿದ ಸದ್ದು ಎಷ್ಟು ಹೊತ್ತಿಗೆ ವಾಪಸು ಬರುತ್ತದೆ, ಬರುವಾಗ ಏನನ್ನು ಕಳೆದುಕೊಂಡು ಬರುತ್ತದೆ ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದ. ವಾಕಿಂಗಿಗೆ ಬಂದ ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರೊಬ್ಬರು ಇವರಿಬ್ಬರನ್ನು ನೋಡಿ ದಾರಿ ಬದಲಿಸಿದ್ದೂ ಉಂಟು.

ಸದ್ದು ಒಂದೊಂದೇ ಗುಟ್ಟು ಬಿಟ್ಟುಕೊಟ್ಟಿತು. ಮೊದಲನೆಯದು, ಕ್ಯಾಮೆರಾ ಎಷ್ಟೇ ದೂರ ನಿಲ್ಲಲಿ, ಮೈಕು ಬಾಯಿಯ ಹತ್ತಿರ ಇರಬೇಕು. ಕಣ್ಣು ದೂರದಿಂದ ನೋಡಬಲ್ಲದು, ಕಿವಿಗೆ ಅದು ಆಗದು. ಅದಕ್ಕಾಗಿ ಅವನು ಅಂಗೈಯಷ್ಟು ದೊಡ್ಡ ರೆಕಾರ್ಡರನ್ನೂ ಎದೆಗೆ ಸಿಕ್ಕಿಸುವ ಮೈಕನ್ನೂ ತಂದ. ಕ್ಯಾಮೆರಾ ಚಿತ್ರ ಹಿಡಿಯುತ್ತದೆ, ಮಾತಾಡುವವರ ಜೇಬಿನಲ್ಲೋ ಸೊಂಟದಲ್ಲೋ ಕುಳಿತ ರೆಕಾರ್ಡರು ಮಾತು ಹಿಡಿಯುತ್ತದೆ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ, ಕೈ ಸೇರಿದ ಚಿತ್ರಕ್ಕೆ ಆ ಸದ್ದನ್ನು ಹೊಂದಿಸಿ ಎರಡನ್ನೂ ಆಮೇಲೆ ಕೂಡಿಸಬಹುದು. ಹೆಂಗಸರಿಗೆ ಮೈಕು ಸಿಕ್ಕಿಸಿದರೆ ತಾಳಿಸರ ಬಂದು ಟಕಟಕ ಬಡಿಯುತ್ತದೆ, ರೇಷ್ಮೆ ಸೀರೆ ಒಣಗಿದ ಜೋಳದ ಸೊಪ್ಪಿನಂತೆ ಸರಗುಟ್ಟುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಅದನ್ನು ಅವನು ಹೆಂಡತಿ ವರಲಕ್ಷ್ಮಿಗೆ ಮದುವೆ ಸೀರೆ ಉಡಿಸಿ ಒಂದು ಮಧ್ಯಾಹ್ನವೆಲ್ಲ ಕೂರಿಸಿ ಕಲಿತ.

ಎರಡನೆಯ ಗುಟ್ಟು ಶಿರಾದ ಒಂದು ಮದುವೆಯಲ್ಲಿ ತಿಳಿಯಿತು. ಕ್ಯಾಮೆರಾ ತನ್ನಷ್ಟಕ್ಕೆ ಸದ್ದಿನ ಮಟ್ಟವನ್ನು ಏರಿಸುತ್ತ ಇಳಿಸುತ್ತ ಇರುತ್ತದೆ. ಗಟ್ಟಿಮೇಳ ಬಾರಿಸಿದ ಕೂಡಲೇ ಅದು ಬೆದರಿ ಕಿವಿ ಮುಚ್ಚಿಕೊಳ್ಳುತ್ತದೆ. ಮೇಳ ನಿಂತ ಮೇಲೂ ನಾಲ್ಕೈದು ಸೆಕೆಂಡು ಕಿವಿ ತೆರೆಯುವುದಿಲ್ಲ. ಧಾರೆ ಎರೆದು, ಕೊರಳಿಗೆ ತಾಳಿ ಬಿದ್ದ ಮೇಲೆ ಹೆತ್ತವರು ಮೊದಲ ಮಾತಾಡುವುದು ಅದೇ ನಾಲ್ಕೈದು ಸೆಕೆಂಡಿನಲ್ಲಿ. ಹಾಗಾದರೆ ಸಣ್ಣರಂಗಯ್ಯನ ಮಾತನ್ನು ಅಳಿಸದೆ ಇಟ್ಟಿದ್ದರೂ ಅದು ಅರ್ಧವೇ ಸಿಗುತ್ತಿತ್ತು. ಇದು ತಿಳಿದ ದಿನ ಅವನಿಗೆ ಸಮಾಧಾನವಾಯಿತೋ ಸಂಕಟ ಹೆಚ್ಚಿತೋ ಅವನಿಗೇ ಗೊತ್ತಾಗಲಿಲ್ಲ. ಅವತ್ತಿನಿಂದ ಅವನು ಮಟ್ಟವನ್ನು ಕೈಯಿಂದಲೇ ಹೊಂದಿಸತೊಡಗಿದ.

ಮೂರನೆಯದು ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಯಾವ ಕೋಣೆಯೂ ಪೂರ್ತಿ ಸುಮ್ಮನಿರುವುದಿಲ್ಲ, ಪ್ರತಿ ಕೋಣೆಗೂ ಅದರದೇ ಮೌನವಿರುತ್ತದೆ. ಮಾತಿನ ನಡುವಿನ ಕೆಮ್ಮು ಕತ್ತರಿಸಿದರೆ ಆ ಜಾಗ ಹರಿದ ಬಟ್ಟೆಯಂತೆ ಕಾಣುತ್ತದೆ. ಅದೇ ಕೋಣೆಯ ಮೌನದ ತುಂಡು ತಂದು ತೇಪೆ ಹಾಕಿದರೆ ಹೊಲಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಕೆಲಸ ಮುಗಿದ ಮೇಲೆ ಮೂವತ್ತು ಸೆಕೆಂಡು ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಊರಿನ ಹೆಸರು, ಜಾಗದ ಹೆಸರು ಹೇಳಿ, “ಯಾರೂ ಮಾತಾಡ್ಬೇಡಿ, ಉಸಿರು ಮಾತ್ರ ಬುಡ್ರಿ” ಎನ್ನುತ್ತಿದ್ದ. ಒಂದು ಬೀಗರೂಟದಲ್ಲಿ ಯಾರೋ, ಏನ್ಲಾ ರುದ್ರ, ಮದುವೆ ಮನೇಲಿ ಮೌನಾಚರಣೆ ಮಾಡುಸ್ತಿದೀಯ, ಸತ್ತೋನ್ ಯಾರ್ಲಾ ಎಂದು ಕೇಳಿ ಇಡೀ ಪಂಕ್ತಿಯನ್ನು ನಗಿಸಿದ್ದರು. ಆ ನಗೆಯೂ ರೆಕಾರ್ಡ್ ಆಯಿತು. ತೇಪೆಗೆ ಬರಲಿಲ್ಲ, ಅಷ್ಟೆ.

ಗಾಳಿಯೊಂದು ಬಾಕಿ ಇತ್ತು. ಅವನ ಹುಟ್ಟೂರು ಪಾವಗಡದ ಕಡೆಯ ಬಲಸಮುದ್ರ. ಸೋಲಾರ್ ಪ್ಯಾನೆಲುಗಳ ಸಾಲಿನ ನಡುವೆ ಗಾಳಿ ಸಿಳ್ಳೆ ಹಾಕುತ್ತ ಓಡುವ ಜಾಗ. ಅಲ್ಲಿ ನಿಂತು ಪರೀಕ್ಷೆ ಮಾಡಿದಾಗ ಮೈಕಿನ ಸ್ಪಂಜಿನ ಟೋಪಿ ಏನೂ ಉಪಯೋಗಕ್ಕೆ ಬರಲಿಲ್ಲ. ಮೇಲೆ ಕೂದಲಿರುವಂಥದ್ದು ಬೇಕು ಎಂದು ಅವನಿಗೆ ಹೊಳೆಯಿತು. ಕೂದಲೆಂದರೆ ಉಣ್ಣೆ. ಉಣ್ಣೆ ಎಂದ ಕೂಡಲೇ ಹುಲಿಕುಂಟೆಯ ಲಕ್ಕಮ್ಮನ ಕುರಿಹಟ್ಟಿ ನೆನಪಾಯಿತು, ಮತ್ತು ಅಲ್ಲಿಗೆ ಹೋಗಲು ತನಗೆ ಮುಖವಿಲ್ಲವೆಂಬುದೂ. ಬೇರೆ ಊರಲ್ಲಿ ಕುರಿ ಇಲ್ಲವೇ ಎಂದು ಪ್ರಸನ್ನ ಕುಮಾರ್ ಕೇಳಿದಾಗ ಬೈಕು ಹತ್ತಿ ಹುಲಿಕುಂಟೆಗೇ ಹೊರಟ.

ಲಕ್ಕಮ್ಮ ಅವನು ಹೇಳಿದ್ದನ್ನೆಲ್ಲ ಕೇಳಿ, ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಒಂದು ಹಿಡಿ ತಂದುಕೊಟ್ಟಳು. ಇದರಲ್ಲಿ ಗಾಳಿ ನಿಲ್ಲುತ್ತದಾ ಎಂದು ಕೇಳಿದಳು. ಗಾಳಿ ನಿಲ್ಲುತ್ತದೆ, ಮಾತು ಒಳಗೆ ಹೋಗುತ್ತದೆ ಎಂದ. “ಕುರಿ ಕಿವಿಯೂ ಅಂಗೇ ಅಲ್ವಾ,” ಎಂದಳು ಲಕ್ಕಮ್ಮ. “ಎಷ್ಟ್ ಗಾಳಿ ಬೀಸ್ಲಿ, ನಮ್ಮೋರು ಅತ್ಲ ದಿಬ್ಬದಿಂದ ಕೂಗುದ್ರೆ ತಲೆ ಎತ್ತವು.” ನಮ್ಮೋರು ಎಂದರೆ ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಇದಾಗಿ ಎರಡು ವರ್ಷಕ್ಕೆ ಕೊರಟಗೆರೆಯಿಂದ ಜ್ಯೋತಿಲಕ್ಷ್ಮಿ ಎಂಬವಳು ಸ್ಟುಡಿಯೋಗೆ ಬಂದಳು. ಅವಳ ತಾಯಿ ರಾಜಲಕ್ಷ್ಮಮ್ಮ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಡಮ್ಮಾಗಿದ್ದವರು. ಗಂಟಲಲ್ಲಿ ಕ್ಯಾನ್ಸರ್. ಬರುವ ಗುರುವಾರ ಬೆಂಗಳೂರಿನಲ್ಲಿ ಆಪರೇಷನ್ನು, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವಕ್ಕೆ ಭಯವಿಲ್ಲ, ಆದರೆ ಇನ್ನು ಮಾತಿಲ್ಲ. ಈಗಲೂ ಬೆಳಿಗ್ಗೆ ಅರ್ಧ ಗಂಟೆ ಆಡಿದರೆ ಗಂಟಲು ಕಟ್ಟಿಹೋಗುತ್ತದೆ. ಮೊಬೈಲಿನಲ್ಲಿ ನಾನೇ ರೆಕಾರ್ಡ್ ಮಾಡಿ ನೋಡಿದೆ, ಎದುರು ಮನೆಯ ಹಿಟ್ಟಿನ ಗಿರಣಿಯ ಸದ್ದೇ ಬರುತ್ತದೆ ಎಂದಳು. ಬುಧವಾರ ಬೆಂಗಳೂರಿಗೆ ಹೊರಡಬೇಕು, ಹಾಗಾಗಿ ಮಂಗಳವಾರ ಬೆಳಿಗ್ಗೆ ಒಂದೇ ಅವಕಾಶ. ಅವಳು ಕೊನೆಗೆ ಹೇಳಿದ್ದು ಇಷ್ಟು: “ಹಾಡು ಗೀಡು ಏನೂ ಬೇಡ. ಅಮ್ಮ ಬೇಕು ನಂಗೆ, ಅಮ್ಮನ ಧ್ವನಿ.”

ತಿಪ್ಪೇರುದ್ರ ಸೋಮವಾರ ಕ್ಯಾಮೆರಾ ಇಲ್ಲದೆ ಕೊರಟಗೆರೆಗೆ ಹೋದ. ಆ ಮನೆಯ ಒಂದೊಂದು ಕೋಣೆಯಲ್ಲೂ ನಿಂತು ಚಪ್ಪಾಳೆ ತಟ್ಟಿ ಕೇಳಿದ. ಹೊಸ ಟೈಲ್ಸು ಹಾಕಿದ ಹಜಾರ ಡಬ್ಬದಂತೆ ಮೊಳಗುತ್ತಿತ್ತು. ಹಿಂದಿನ ಕೋಣೆ ಪರವಾಗಿಲ್ಲ, ಆದರೆ ಗೋಡೆಗೆ ಏನಾದರೂ ಇಳಿಬಿಡಬೇಕು. ಗಿರಣಿಯ ಚಂದ್ರಶೇಖರ್ ರಾಜಲಕ್ಷ್ಮಮ್ಮನ ಹಳೆಯ ವಿದ್ಯಾರ್ಥಿ. ಮೇಡಮ್ ಹೊಡೆದು ಮಗ್ಗಿ ಕಲಿಸದಿದ್ದರೆ ನಾನು ತಕ್ಕಡಿ ಹಿಡಿಯುತ್ತಿರಲಿಲ್ಲ, ಒಂದು ಗಂಟೆ ಏನು, ಇಡೀ ದಿನ ಬೇಕಾದರೂ ಮೋಟಾರು ಆಫ್ ಮಾಡುತ್ತೇನೆ ಎಂದ.

ಗೋಡೆಗೆ ಕಂಬಳಿಗಿಂತ ಒಳ್ಳೆಯದು ಯಾವುದು? ಹುಲಿಕುಂಟೆಗೆ ಫೋನು ಮಾಡಿದ. ಮಂಗಳವಾರ ಮೊದಲ ಬಸ್ಸಿಗೆ ಲಕ್ಕಮ್ಮ ಐದು ಕರಿ ಕಂಬಳಿ ಹೊತ್ತು ತಾನೇ ಬಂದಿಳಿದಳು. ಕಂಬಳಿಗೆ ಮೊಳೆ ಹೊಡೆಯುವಂತಿಲ್ಲ, ಅದರ ಮೇಲೆ ಕಾಲಿಡುವಂತಿಲ್ಲ, ಅದು ದೇವರನ್ನು ಕೂರಿಸುವ ಗದ್ದಿಗೆ ಎಂದು ಕಟ್ಟುನಿಟ್ಟು ಮಾಡಿದಳು. ಹಾಗಾಗಿ ಹಗ್ಗ ಕಟ್ಟಿ ನಾಲ್ಕು ಕಂಬಳಿ ಇಳಿಬಿಟ್ಟರು. ನೆಲಕ್ಕೆಂದು ಇಟ್ಟುಕೊಂಡಿದ್ದ ಐದನೆಯದು ಬಾಗಿಲಿಗೆ ಹೋಯಿತು, ನೆಲಕ್ಕೆ ಚಂದ್ರಶೇಖರನ ಗಿರಣಿಯ ಗೋಣಿಚೀಲ ಬಂತು. ತಿಪ್ಪೇರುದ್ರ ಫ್ಯಾನ್ ನಿಲ್ಲಿಸಿದ, ಗೋಡೆ ಗಡಿಯಾರ ಇಳಿಸಿದ. ಅಡುಗೆಮನೆಯ ಫ್ರಿಜ್ ಆಫ್ ಮಾಡಿ, ತನ್ನ ಬೈಕಿನ ಕೀಯನ್ನು ಅದರೊಳಗೆ, ಮೊಸರಿನ ಪಕ್ಕ ಇಟ್ಟ. ಜ್ಯೋತಿಲಕ್ಷ್ಮಿ ಕಣ್ಣರಳಿಸಿದಳು. ಕೀ ತೆಗೆಯದೆ ತಾನು ಹೊರಡುವಂತಿಲ್ಲ, ತೆಗೆಯುವಾಗ ಫ್ರಿಜ್ ಆನ್ ಮಾಡುವುದು ಮರೆಯುವುದಿಲ್ಲ ಎಂದು ವಿವರಿಸಿದ. ಒಮ್ಮೆ ಮರೆತು ಯಾರದೋ ಮನೆಯ ಗೃಹಪ್ರವೇಶದ ಹತ್ತು ಲೀಟರ್ ಹಾಲು ಒಡೆಸಿದ ಮೇಲೆ ಕಲಿತ ಬುದ್ಧಿ ಅದು.

ರಾಜಲಕ್ಷ್ಮಮ್ಮ ತಲೆ ಬಾಚಿ, ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಬಂದು ಕುಳಿತರು. ರೇಷ್ಮೆ ಬೇಡವೆಂದು ಮೊದಲೇ ಹೇಳಿ ಕಳಿಸಿದ್ದ. ತಾಳಿಸರವನ್ನು ಸೆರಗಿನೊಳಗೆ ಸೇರಿಸಿಕೊಂಡು, ಮೈಕು ಸಿಕ್ಕಿಸಿಕೊಂಡು, ಕೈಯಲ್ಲಿದ್ದ ನಾಲ್ಕು ಹಾಳೆ ಬಿಡಿಸಿದರು. ತಿಪ್ಪೇರುದ್ರ ಚಪ್ಪಾಳೆ ತಟ್ಟಿದ. ಅವರು ಓದತೊಡಗಿದರು. ಹುಟ್ಟಿದ ಊರು, ಶಾಲೆಗೆ ಸೇರಿದ ವರ್ಷ, ಶಿಕ್ಷಣದ ಮಹತ್ವ, ಮಗಳಿಗೆ ಆಶೀರ್ವಾದ. ಹೆಡ್‌ಫೋನಿನಲ್ಲಿ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಕೇಳುತ್ತಿತ್ತು. ಗಂಟಲಿನ ಬಿರುಕು, ಪುಟ ತಿರುಗಿಸುವಾಗಿನ ಉಸಿರು, ಎಲ್ಲವೂ. ಇಷ್ಟು ಶುದ್ಧವಾದ ಸದ್ದನ್ನು ಅವನು ಅದುವರೆಗೆ ಹಿಡಿದಿರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಹಾಳೆ ಮುಗಿಯಿತು, ಧ್ವನಿಯೂ ಹೆಚ್ಚುಕಡಿಮೆ ಮುಗಿಯಿತು. ಕ್ಯಾಮೆರಾ ಆಫ್ ಮಾಡಿ, ಹೆಡ್‌ಫೋನನ್ನು ಜ್ಯೋತಿಲಕ್ಷ್ಮಿಯ ಕಿವಿಗಿಟ್ಟು ಒಂದೆರಡು ನಿಮಿಷ ಕೇಳಿಸಿದ. ಅವಳ ಮುಖ ಬೀಳುತ್ತ ಬಂತು. ಅವಳು ಕಂಬಳಿಯ ಆಚೆ ಅವನನ್ನು ಕರೆದು ಮೆಲ್ಲಗೆ ಹೇಳಿದಳು: “ಇದು ಆಗಸ್ಟ್ ಹದಿನೈದರ ಭಾಷಣ ಸರ್. ಮನೇಲಿ ಅಮ್ಮ ಹೀಗೆ ಮಾತಾಡಲ್ಲ.”

ಇದು ತಿಪ್ಪೇರುದ್ರನಿಗೆ ಹೊಳೆದೇ ಇರಲಿಲ್ಲ. ಗಾಳಿ, ಗಿರಣಿ, ಗಡಿಯಾರ, ತಾಳಿಸರ ಎಲ್ಲದಕ್ಕೂ ದಾರಿ ಹುಡುಕಿದ್ದ. ಎದುರು ಮೈಕಿದ್ದಾಗ ಮನುಷ್ಯ ಬೇರೆಯಾಗುತ್ತಾನೆ ಎಂಬುದಕ್ಕೆ ಏನು ಇಳಿಬಿಡುವುದು? ಇನ್ನೊಮ್ಮೆ ಮಾತಾಡಿ ಎನ್ನಲು ರಾಜಲಕ್ಷ್ಮಮ್ಮನ ಗಂಟಲಲ್ಲಿ ಅಷ್ಟು ಧ್ವನಿ ಉಳಿದಿರಲಿಲ್ಲ. ಹೊರಗೆ ಗಿರಣಿಯ ಮುಂದೆ ರಾಗಿ ಚೀಲ ಇಟ್ಟುಕೊಂಡು ಏಳೆಂಟು ಜನ ಸದ್ದಿಲ್ಲದೆ ಕಾಯುತ್ತಿದ್ದರು. ಜ್ಯೋತಿಲಕ್ಷ್ಮಿ ಒಳಗೆ ಬಂದು ತಾಯಿಯ ಎದುರು ನೆಲದ ಮೇಲೆ ಕುಳಿತು, ತುಂಬ ಚೆನ್ನಾಗಿ ಬಂತಮ್ಮ ಎಂದಳು.

ಏನು ಮಾಡಬೇಕೆಂದು ತೋಚದೆ ಅವನು ಅಭ್ಯಾಸದಂತೆ ಮಾಡುವುದನ್ನೇ ಮಾಡಿದ. ರೆಕಾರ್ಡರನ್ನು ಮತ್ತೆ ಶುರು ಮಾಡಿ, “ಕೊರಟಗೆರೆ, ಮೇಡಮ್ಮನೋರ ಮನೆ ಹಿಂದಿನ ಕೋಣೆ. ಯಾರೂ ಮಾತಾಡ್ಬೇಡಿ, ಉಸಿರು ಮಾತ್ರ ಬುಡ್ರಿ,” ಎಂದ.

ಕೋಣೆ ಸುಮ್ಮನಾಯಿತು. ಬಾಗಿಲ ಬಳಿ ತಿಪ್ಪೇರುದ್ರನ ಪಕ್ಕ ಲಕ್ಕಮ್ಮ, ನೆಲದ ಮೇಲೆ ಮಗಳು, ಕುರ್ಚಿಯ ಮೇಲೆ ತಾಯಿ. ಐದು ಸೆಕೆಂಡು, ಹತ್ತು ಸೆಕೆಂಡು. ಜ್ಯೋತಿಲಕ್ಷ್ಮಿಯ ಕಣ್ಣಿಂದ ನೀರಿಳಿಯಿತು. ಸದ್ದಾಗಬಾರದೆಂದು ಅವಳು ಮೂಗನ್ನೂ ಎಳೆಯಲಿಲ್ಲ. ರಾಜಲಕ್ಷ್ಮಮ್ಮ ಅದನ್ನು ನೋಡಿದರು. ತಡೆದರು, ಮತ್ತೆ ನೋಡಿದರು. ತಡೆಯಲಾಗಲಿಲ್ಲ.

“ಲೇ ಜ್ಯೋತಿ, ಮೂಗೊರೆಸ್ಕೊಳೇ. ಇನ್ನೂ ಒಂದನೇ ಕ್ಲಾಸಿನಲ್ಲೇ ಇದೀಯ. ಒಲೆ ಮೇಲೆ ಹಾಲಿಟ್ಟು ಬಂದು ಇಲ್ಲಿ ಅಳ್ತಾ ಕೂತಿದೀಯಲ್ಲ, ವಾಸನೆ ಬರ್ತಿಲ್ವಾ ನಿಂಗೆ?”

ತಿಪ್ಪೇರುದ್ರನ ಕೈ ತಾನಾಗಿ ರೆಕಾರ್ಡರಿನ ಕಡೆ ಹೋಯಿತು. ಖಾಲಿ ಕೋಣೆಯಲ್ಲಿ ಮಾತು ಬಂದರೆ ಅದು ಕೆಟ್ಟಿತು, ನಿಲ್ಲಿಸಿ ಇನ್ನೊಮ್ಮೆ ಶುರು ಮಾಡಬೇಕು. ಬೆರಳು ಗುಂಡಿ ಮುಟ್ಟುವ ಮೊದಲೇ ಪಕ್ಕದಿಂದ ಒಂದು ಒರಟು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಲಕ್ಕಮ್ಮ. ಬೇಡವೆಂದು ತಲೆಯನ್ನು ಮಾತ್ರ ಅತ್ತ ಇತ್ತ ಆಡಿಸಿದಳು.

“ಓಡೇ, ಉಕ್ಕಿತು,” ಎನ್ನುತ್ತಿದ್ದರು ರಾಜಲಕ್ಷ್ಮಮ್ಮ. ಜ್ಯೋತಿಲಕ್ಷ್ಮಿ ಅಳುತ್ತಲೇ ನಗುತ್ತ ಎದ್ದು ಓಡಿದಳು. ಅವಳ ಹಿಂದೆಯೇ ಆ ಒಡಕು ಧ್ವನಿ ಹೋಯಿತು: “ಕಾಫಿ ಮಾಡ್ಕೊಂಡು ಬಾ ಎಲ್ರಿಗೂ. ಈ ರುದ್ರಪ್ಪಂಗೆ ಸಕ್ಕರೆ ಕಮ್ಮಿ ಹಾಕು, ಹೊಟ್ಟೆ ನೋಡು ಅವನದ್ದು. ಜ್ಯೋತೀ, ಬಟ್ಟೆ ಹಿಡ್ಕೊಂಡು ಇಳಿಸೇ, ಕೈ ಸುಟ್ಕೊಂಡೀಯ.”

ಅದು ಅವರ ಕೊನೆಯ ಮಾತೇನಲ್ಲ. ಬುಧವಾರ ಇನ್ನೂ ಎಷ್ಟೋ ಪಿಸುಮಾತು ಆಡಿರಬೇಕು. ಆದರೆ ಉಳಿದದ್ದು ಇದು. ಕ್ಯಾಮೆರಾ ಆಫ್ ಆಗಿದ್ದರಿಂದ ಆ ನಲವತ್ತು ಸೆಕೆಂಡಿಗೆ ಚಿತ್ರವಿರಲಿಲ್ಲ. ಚಿತ್ರದವನಾದ ತಿಪ್ಪೇರುದ್ರ ಆ ಜಾಗಕ್ಕೆ ಏನು ಹಾಕುವುದೆಂದು ಎರಡು ದಿನ ಯೋಚಿಸಿ, ಏನನ್ನೂ ಹಾಕಲಿಲ್ಲ. ಭಾಷಣ ಮುಗಿದ ಮೇಲೆ ಪರದೆ ಕಪ್ಪಾಗುತ್ತದೆ, ಕಪ್ಪಿನಲ್ಲಿ ತಾಯಿ ಮಗಳನ್ನು ಬೈಯುತ್ತಾರೆ, ಅಷ್ಟೆ. ಹಾಡು ಹಾಕಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ರಾಜಲಕ್ಷ್ಮಮ್ಮ ಈಗ ಕೊರಳಿಗೆ ಒಂದು ಸಣ್ಣ ಸ್ಲೇಟು ನೇತುಹಾಕಿಕೊಂಡಿರುತ್ತಾರೆ. ಮೊದಲ ಸಲ ಆ ಕಪ್ಪು ಪರದೆಯನ್ನು ಕೇಳಿದಾಗ ಸ್ಲೇಟಿನ ಮೇಲೆ ಅವರು ಬರೆದದ್ದು: “ಹಾಲು ನಿಜವಾಗಿಯೂ ಉಕ್ಕಿತ್ತು.”

ಆಮೇಲೆ ಐದು ವರ್ಷ ತಿಪ್ಪೇರುದ್ರ ಅದೇ ಕೆಲಸ ಮಾಡಿಕೊಂಡಿದ್ದ. ಸಿನಿಮಾ ಹಾಡು ಬೇಕೆನ್ನುವವರಿಗೆ ಹಾಡು ಹಾಕಿಕೊಟ್ಟ. ಕೆಳಗಿನ ಮಾತನ್ನು ಮಾತ್ರ ಬೇರೆ ಡಿಸ್ಕಿನಲ್ಲಿ ಎತ್ತಿಟ್ಟ, ಕೇಳಿದರೂ ಕೇಳದಿದ್ದರೂ. ಮಾಘದಲ್ಲಿ ಅವನು ಹೋದ.

ಹದಿಮೂರನೆಯ ದಿನ ಕಳೆದ ಮೇಲೆ ವರಲಕ್ಷ್ಮಿ ಪ್ರಸನ್ನ ಕುಮಾರನನ್ನು ಮನೆಗೆ ಕರೆದಳು. ನಾಲ್ಕು ತಾಲ್ಲೂಕಿನ ಎಲ್ಲರ ಮದುವೆಯೂ ಈ ಡಿಸ್ಕುಗಳಲ್ಲಿದೆ, ಇವರದೇ ಒಂದು ವಿಡಿಯೋ ಇಲ್ಲ, ಯಾವಾಗಲೂ ಕ್ಯಾಮೆರಾ ಹಿಂದೆಯೇ ಇದ್ದರಲ್ಲ, ಎಲ್ಲಾದರೂ ಒಂದು ಕಡೆ ಸಿಕ್ಕಾರು, ನೋಡಿ ಎಂದಳು. ಪ್ರಸನ್ನ ಕುಮಾರ್ ಮಧ್ಯಾಹ್ನವೆಲ್ಲ ಹುಡುಕಿದ. ಒಂದು ಕನ್ನಡಿಯಲ್ಲಿ ಅರ್ಧ ಭುಜ, ಒಂದು ಸ್ಟೀಲ್ ಬಿಂದಿಗೆಯ ಮೇಲೆ ಕ್ಯಾಮೆರಾ ಹಿಡಿದ ಆಕಾರ. ಅಷ್ಟೇ ಸಿಕ್ಕಿತು. ಕೊನೆಗೆ ‘ಖಾಲಿ’ ಎಂಬ ಹೆಸರಿನ ಫೋಲ್ಡರು ಕಣ್ಣಿಗೆ ಬಿತ್ತು. ಖಾಲಿ ಎಂದಿದ್ದರಿಂದ ಮುಂದೆ ಹೋಗುವವನಿದ್ದ. ಆದರೂ ತೆರೆದ. ಆರುನೂರ ಹನ್ನೆರಡು ಫೈಲುಗಳಿದ್ದವು, ಯಾವುದೂ ಒಂದು ನಿಮಿಷ ದಾಟುವುದಿಲ್ಲ. ಮೊದಲು ಕಂಡದ್ದನ್ನು ಒತ್ತಿದ.

“ಹುಲಿಕುಂಟೆ, ಲಕ್ಕಮ್ಮನೋರ ಕುರಿಹಟ್ಟಿ. ಯಾರೂ ಮಾತಾಡ್ಬೇಡಿ, ಉಸಿರು ಮಾತ್ರ ಬುಡ್ರಿ.”

ಆಮೇಲೆ ಮೌನ. ದೂರದಲ್ಲಿ ಕುರಿಗಳು ಮೇವು ಕಡಿಯುವ ಸದ್ದು, ಮೈಕಿನ ಹತ್ತಿರ ಒಬ್ಬ ಮನುಷ್ಯ ಉಸಿರಾಡುವ ಸದ್ದು. ಸ್ವಲ್ಪ ದಪ್ಪನೆಯ ಉಸಿರು, ಎಳೆದುಕೊಳ್ಳುವಾಗ ಮೂಗಿನಲ್ಲಿ ಸಣ್ಣ ಸಿಳ್ಳೆ.

ಪ್ರಸನ್ನ ಕುಮಾರನಿಗೆ ಮುಂದಿನದನ್ನು ಒತ್ತಲು ಆಗಲಿಲ್ಲ. ವರಲಕ್ಷ್ಮಿ ಎದ್ದು ಹೋಗಿ ಫ್ಯಾನ್ ನಿಲ್ಲಿಸಿದಳು. ಅಡುಗೆಮನೆಗೆ ಹೋಗಿ ಫ್ರಿಜ್ ಆಫ್ ಮಾಡಿ, ಗೂಟಕ್ಕೆ ತೂಗುಹಾಕಿದ್ದ ಅವನ ಬೈಕಿನ ಕೀಯನ್ನು ಅದರೊಳಗಿಟ್ಟು ಬಂದು ಕುಳಿತಳು.

“ಈಗ ಹಾಕಿ,” ಎಂದಳು.